ಮಾವನವರ ಹಿಂಬಾಗಿಲು

ನಮ್ಮ ಮಾವನವರಿಗೆ ಒಂದು ಕೆಟ್ಟ ಚಟ ಉಂಟು. ಗಾಬರಿಯಾಗಬೇಡಿ, ನೀವು ಅಂದುಕೊಂಡದ್ದು ಯಾವುದೂ ಅಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ರೇಸ್ ಕುದುರೆಯ ಹಿಂದೆ ಓಡಿದವರೂ ಅಲ್ಲ. ಅಂಥದ್ದು ಒಂದಾದರೂ ಇದ್ದಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು, ಸ್ವಲ್ಪ ಅತ್ತು, ಹಗುರಾಗುತ್ತಿದ್ದೆ. ಕೇಳಿದವರೂ ಅಯ್ಯೋ ಪಾಪ ಎನ್ನುತ್ತಿದ್ದರು. ಈ ಚಟವನ್ನು ಹೇಳಿಕೊಂಡರೆ ಮಾತ್ರ ಜನ ನನ್ನನ್ನೇ ಒಂದು ಥರಾ ನೋಡುತ್ತಾರೆ. ಏನು ಚಟ ಅಂತೀರಾ? ಅವರು ಕಾನೂನು ಪಾಲಿಸುತ್ತಾರೆ!

ಪಾಲಿಸಲಿ ಬಿಡಿ, ಒಳ್ಳೆಯದೇ ಅಲ್ಲವಾ ಎನ್ನುತ್ತೀರಿ. ಎನ್ನಿ, ಎನ್ನಿ. ನೀವು ಅವರ ಸೊಸೆಯಲ್ಲವಲ್ಲ.

ಮದ್ರಾಸಿನ ಕೋಡಂಬಾಕ್ಕಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಮಾವನವರ ಅಪ್ಪ ಉಡುಪಿ ಕಡೆಯಿಂದ ಬಂದು ಹಾಕಿದ್ದು. ಆಗ ಸಿನಿಮಾ ಸ್ಟುಡಿಯೋಗಳಿಂದ ಮೇಕಪ್ಪು ಹಚ್ಚಿಕೊಂಡೇ ಜನ ಬಂದು ಕಾಫಿ ಕುಡಿಯುತ್ತಿದ್ದರಂತೆ, ರಾಜನೂ ಮಂತ್ರಿಯೂ ಒಂದೇ ಬೆಂಚಿನಲ್ಲಿ ಕೂತು ವಡೆ ತಿನ್ನುತ್ತಿದ್ದರಂತೆ. ಈಗ ಸ್ಟುಡಿಯೋ ಇದ್ದಲ್ಲೆಲ್ಲ ಅಪಾರ್ಟ್‌ಮೆಂಟುಗಳು. ನಮ್ಮ ಹೋಟೆಲು ಮಾತ್ರ ಹಾಗೇ ಉಂಟು. ಅಗಲ ಇಲ್ಲ, ಉದ್ದವೇ ಉದ್ದ. ಮುಂದೆ ದೊಡ್ಡ ರಸ್ತೆ, ಆಮೇಲೆ ಟೇಬಲುಗಳು, ಆಮೇಲೆ ಅಡುಗೆಮನೆ. ಅಡುಗೆಮನೆಯ ಪಕ್ಕದಿಂದ ಒಂದು ಸಪೂರ ಓಣಿ ಹೋಗಿ ಹಿಂಬಾಗಿಲಿಗೆ ಮುಟ್ಟುತ್ತದೆ. ಹಿಂಬಾಗಿಲು ತೆರೆದರೆ ಹಿಂದಿನ ಗಲ್ಲಿ, ಗಲ್ಲಿ ದಾಟಿದರೆ ನಮ್ಮ ಮನೆ. ನಾನು ಗಲ್ಲಾದಲ್ಲಿ ಕೂರುವವಳು. ಕೂರುವವಳು ಎನ್ನುವುದು ಹೆಸರಿಗೆ. ಗಲ್ಲಾ, ಪಾರ್ಸೆಲ್ಲು, ಅಡುಗೆಮನೆ ಅಂತ ಬೆಳಗಿನಿಂದ ಓಡಾಡಿ ಸಂಜೆಗೆ ನನ್ನ ಕಾಲು ನನ್ನದೋ ಪಕ್ಕದ ಮನೆಯವರದೋ ಗೊತ್ತಾಗುವುದಿಲ್ಲ.

ಈ ಚಟ ನನಗೆ ಮೊದಲ ದಿನವೇ ಗೊತ್ತಾಗಬೇಕಿತ್ತು. ನನ್ನನ್ನು ನೋಡಲಿಕ್ಕೆ ಬಂದ ದಿನ ಊರಿನ ನಮ್ಮ ಮನೆಯ ಚಾವಡಿಯಲ್ಲಿ ಎಲ್ಲರೂ ಗಂಭೀರವಾಗಿ ಕೂತಿದ್ದರು. ನಾನು ಸೀರೆ ಉಟ್ಟು, ಶಿರಾ ತಟ್ಟೆ ಹಿಡಿದು, ತಲೆ ತಗ್ಗಿಸಿ ಬಂದರೆ ಮಾವನವರಾಗುವವರ ಕುರ್ಚಿಯೇ ಖಾಲಿ! ಹುಡುಕಿದರೆ ಅಡುಗೆಮನೆಯಲ್ಲಿದ್ದರು. ಗ್ಯಾಸಿನ ಪೈಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದರ ಆಯುಷ್ಯ ಮುಗಿದು ಯಾವ ಕಾಲ ಆಯ್ತು ಮಾರಾಯ್ರೆ!" ಎಂದರು ನನ್ನ ಅಪ್ಪನಿಗೆ. ಅಪ್ಪ ನನ್ನ ಜಾತಕ ಹಿಡಿದುಕೊಂಡು ನಿಂತಿದ್ದರು. ಆಯುಷ್ಯದ ಮಾತು ಕೇಳಿ ಅವರ ಮುಖ ಬಿಳುಚಿಹೋಯಿತು.

ಹಾಡು ಬರುತ್ತದಾ, ರಂಗೋಲಿ ಬರುತ್ತದಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುದು ಯಾರು?"

"ನಾನೇ," ಎಂದೆ.

"ನಮಗೆ ಒಪ್ಪಿಗೆ," ಎಂದರು!

ಹುಡುಗನನ್ನು ಆಗಲೇ ಪೇಟೆಗೆ ಓಡಿಸಿಯಾಗಿತ್ತು, ಹೊಸ ಪೈಪು ತರಲಿಕ್ಕೆ. ಹಾಗಾಗಿ ನನ್ನ ಗಂಡನನ್ನು ನಾನು ಮೊದಲ ಸಲ ನೋಡಿದ್ದು ಕಿತ್ತಳೆ ಬಣ್ಣದ ಗ್ಯಾಸ್ ಪೈಪನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬರುವಾಗ. ಮದುವೆಯ ಫೋಟೋದಲ್ಲೂ ಅವರು ಅಷ್ಟು ಚೆಂದ ಕಾಣಲಿಲ್ಲ ಬಿಡಿ.

ಮದ್ರಾಸಿಗೆ ಬಂದೆ. ಬಂದ ಮೊದಲ ಭಾನುವಾರವೇ ಹೋಟೆಲಿನಲ್ಲಿ ಜಾಗಟೆ ಬಡಿಯಿತು. ದೇವರ ಪೂಜೆ ಇರಬೇಕು ಅಂದುಕೊಂಡು ನಾನು ಕೈಮುಗಿದೆ. ಟಿಫಿನ್ನಿನ ಹೊತ್ತು, ಒಂದು ಟೇಬಲೂ ಖಾಲಿ ಇಲ್ಲ, ಬಾಗಿಲಲ್ಲಿ ಕಾಯುವವರು ಬೇರೆ. ಮಾವನವರು ಜಾಗಟೆ ಹಿಡಿದುಕೊಂಡು ನಡುವೆ ನಿಂತು ತಮಿಳಿನಲ್ಲಿ ಕೂಗಿದರು: "ಎಲ್ಲರೂ ಎದ್ದೇಳಿ! ಎಡಗೈ ಗೋಡೆಗೆ ತಾಗಿಸಿಕೊಂಡು, ಓಡದೆ, ತಳ್ಳದೆ, ಹಿಂಬಾಗಿಲಿನಿಂದ ಹೊರಗೆ ನಡೀರಿ!"

ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕು ಎನ್ನುವ ಅಭ್ಯಾಸ ಅದು. ಕೆಲಸದವರಿಗೆ ಮಾಡಿಸಬೇಕಂತೆ, ನಿಯಮ ಉಂಟಂತೆ. ಸರಿ, ಮಾಡಿಸಿ. ಅಂಗಡಿ ಮುಚ್ಚಿದ ಮೇಲೆ ಮಾಡಿಸಬಾರದಾ? ಊಹೂಂ. "ಬೆಂಕಿ ಅಂಗಡಿ ಮುಚ್ಚುವವರೆಗೆ ಕಾಯ್ತದಾ?" ಎನ್ನುತ್ತಾರೆ! ಜನ ಎದ್ದರು. ಒಬ್ಬರ ಕೈಯಲ್ಲಿ ದೋಸೆ, ಒಬ್ಬರ ಕೈಯಲ್ಲಿ ಮಗು, ಒಬ್ಬರ ಕೈಯಲ್ಲಿ ಬರೀ ಚಟ್ನಿ. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಮಾತ್ರ ಪೊಂಗಲ್ ಬಿಟ್ಟು ಏಳಲಿಲ್ಲ.

"ನೆರುಪ್ಪು ಎಂಗೇ ಸಾರ್?" ಎಂದರು. ಬೆಂಕಿ ಎಲ್ಲಿ?

"ಇನ್ನೂ ಬರಲಿಲ್ಲ," ಎಂದರು ಮಾವನವರು. "ಬಂದ ಮೇಲೆ ಕಲಿಸ್ಲಿಕ್ಕೆ ನನಗೆ ಪುರುಸೊತ್ತು ಇರುದಿಲ್ಲ."

ಕೊನೆಗೆ ಆ ಹಿರಿಯರು ಗಲ್ಲಿಯಲ್ಲಿ ಯಾರದೋ ಸ್ಕೂಟರಿನ ಸೀಟಿನ ಮೇಲೆ ತಟ್ಟೆ ಇಟ್ಟುಕೊಂಡು ಪೊಂಗಲ್ ಮುಗಿಸಿದರು. ಮುಂದಿನ ಭಾನುವಾರ ಬಂದವರು ಒಳಗೆ ಕೂರಲೇ ಇಲ್ಲ. ಸೀದಾ ಗಲ್ಲಿಗೆ ನಡೆದು, "ಹೇಗೂ ಇಲ್ಲಿಗೇ ಬರಬೇಕಲ್ಲ, ಇಲ್ಲೇ ತಂದುಕೊಡಿ," ಎಂದರು.

ಆ ಓಣಿಯ ವಿಷಯಕ್ಕೆ ನಮ್ಮ ಮನೆಯಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಹೇಳಿದೆನಲ್ಲ, ಹೋಟೆಲಿನಲ್ಲಿ ಜಾಗವೇ ಇಲ್ಲ. ಈರುಳ್ಳಿ ಚೀಲ ಎಲ್ಲಿಡುವುದು? ಎಣ್ಣೆ ಡಬ್ಬ ಎಲ್ಲಿಡುವುದು? ಈ ಬೀದಿಯ ಎಲ್ಲಾ ಹೋಟೆಲಿನವರೂ ಹಿಂದಿನ ಓಣಿಯಲ್ಲಿ ಇಡುತ್ತಾರೆ. ನಮ್ಮಲ್ಲಿ ಒಂದು ಪೊರಕೆ ಒರಗಿಸಿದರೂ ಮಾವನವರು ಅದನ್ನು ಎತ್ತಿಕೊಂಡು ಬಂದು ಗಲ್ಲಾದ ಮೇಲೆ ಇಡುತ್ತಾರೆ, ಗಿರಾಕಿಗಳ ಎದುರಿಗೇ! "ದಾರಿ ಅಂದ್ರೆ ದಾರಿ. ಗೋಡೌನ್ ಅಲ್ಲ." ಈ ಮಾತನ್ನು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ! ನನ್ನ ಮಗಳಿಗೆ ಅಆಇಈಗಿಂತ ಮೊದಲು ಬಂದದ್ದು ಇದೇ. ಅವಳು ಕನ್ನಡದಲ್ಲಿ ಪೂರ್ತಿ ಹೇಳುವ ಒಂದೇ ಒಂದು ವಾಕ್ಯವೂ ಇದೇ. ಉಳಿದದ್ದೆಲ್ಲ ತಮಿಳು, ಇಂಗ್ಲಿಷು.

ಇನ್ನು ಆಹಾರ ಇಲಾಖೆಯ ಅಧಿಕಾರಿ. ಅಧಿಕಾರಿ ಬಂದ ಅಂದರೆ ಲೋಕದ ಹೋಟೆಲಿನವರೆಲ್ಲ ಹಿಂದಿನಿಂದ ಮಾಯವಾಗುತ್ತಾರೆ. ಅಧಿಕಾರಿ ಬರಲಿಲ್ಲ ಅಂತ ಕೊರಗುವ ಹೋಟೆಲ್ ಮಾಲೀಕರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ, ದಿನಾ ಅನ್ನ ಬಡಿಸುತ್ತೇನೆ. "ಈ ವರ್ಷ ನೀವು ಬರ್ಲೇ ಇಲ್ವಲ್ಲ?" ಎಂದು ಆಫೀಸಿಗೆ ಫೋನು ಮಾಡುತ್ತಾರೆ. ಬಂದರೆ ಬಿಡುವುದಿಲ್ಲ. ನೀರು ಪರೀಕ್ಷೆ ನೋಡಿ, ತಕ್ಕಡಿಯ ಮುದ್ರೆ ನೋಡಿ, ಇಲಿ ಬಾರದ ಹಾಗೆ ಮೋರಿಗೆ ಹಾಕಿದ ಜಾಲರಿ ನೋಡಿ ಎಂದು ಬಗ್ಗಿಸಿ ಬಗ್ಗಿಸಿ ತೋರಿಸುತ್ತಾರೆ. ಆ ಮನುಷ್ಯ ಸೊಂಟ ಹಿಡಿದುಕೊಂಡೇ ಹೋದದ್ದು. ಆಮೇಲೆ ಒಂದು ದಿನ ಮಾವನವರು ತರಕಾರಿ ತರುವಾಗ ರಸ್ತೆಯಲ್ಲಿ ಅವನನ್ನು ಕಂಡು ಕೈ ಬೀಸಿದರೆ, ಪಾಪ, ಸ್ಕೂಟರನ್ನು ಒನ್‌ವೇಯಲ್ಲಿ ತಿರುಗಿಸಿಕೊಂಡು ಹೋದನಂತೆ. ಮಾವನವರಿಗೆ ಅವನು ತಪ್ಪಿಸಿಕೊಂಡದ್ದು ಬೇಸರವಾಗಲಿಲ್ಲ. ಒನ್‌ವೇಯಲ್ಲಿ ತಿರುಗಿಸಿದ್ದು ಬೇಸರವಾಯಿತು.

ದೇವಸ್ಥಾನವನ್ನಾದರೂ ಬಿಟ್ಟರೋ? ನಮ್ಮ ಬೀದಿಯ ಪೆರುಮಾಳ್ ಕೋಯಿಲಿನಲ್ಲಿ ಪುಳಿಯೋಗರೆ ಪ್ರಸಾದ ಕೈಗೆ ಬಿದ್ದರೆ, "ಇದು ಎಷ್ಟು ಹೊತ್ತಿಗೆ ಮಾಡಿದ್ದು?" ಎಂದು ಅರ್ಚಕರನ್ನು ಕೇಳಿದರು. ಅರ್ಚಕರು ಬಹಳ ತಾಳ್ಮೆಯವರು. "ಈಗಷ್ಟೇ ಸ್ವಾಮಿ ತಿಂದು ಕೊಟ್ಟದ್ದು. ಅವರೇ ಏನೂ ಕಂಪ್ಲೇಂಟ್ ಹೇಳಲಿಲ್ಲ," ಎಂದರು. ನನ್ನ ಮಗಳು ಅಜ್ಜನ ಪಂಚೆ ಹಿಡಿದು ಎಳೆದು, "ತಾತಾ, ಪೋದುಂ!" ಎಂದಳು. ಸಾಕು ಅಂತ ಅವಳಿಗಾದರೂ ಹೇಳಲು ಧೈರ್ಯವಿತ್ತು.

ಸ್ಟೂಲಿನ ಕಥೆ ಹೇಳದೆ ಇದ್ದರೆ ತಪ್ಪಾಗುತ್ತದೆ. ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರಲಿಕ್ಕೆ ಆಸನ ಕೊಡಬೇಕು ಅಂತ ತಮಿಳುನಾಡಿನಲ್ಲಿ ಒಂದು ಕಾನೂನು ಬಂತು. ಪೇಪರಿನಲ್ಲಿ ಓದಿದ ದಿನವೇ ಮಾವನವರು ಹೋಗಿ ಸ್ಟೂಲುಗಳನ್ನು ತಂದರು. ಗೋಡೆಯ ಬದಿಗೆ ಅಲ್ಲಲ್ಲಿ ಇಟ್ಟು, ಸಪ್ಲೈಯರುಗಳನ್ನು ಭುಜ ಒತ್ತಿ ಕೂರಿಸಿದರು. ಅವರಿಗೋ ಸಂಕೋಚ, ಗಿರಾಕಿಗಳಿಗೋ ಕೋಪ. ಒಬ್ಬ ಗಿರಾಕಿ, ಕೂತಿದ್ದ ಸಪ್ಲೈಯರನ ಎದುರಿಗೆ ಹೋಗಿ ನಿಂತು, ಸೊಂಟ ಬಗ್ಗಿಸಿ, "ಸಾರ್‌ಗೆ ಏನು ಬೇಕು? ಇಡ್ಲಿ ತರಲಾ?" ಎಂದು ಕೇಳಿದ. ಸಪ್ಲೈಯರ್ ಗಾಬರಿಯಲ್ಲಿ "ಒಂದು ಕಾಫಿ" ಎಂದುಬಿಟ್ಟ! ಇಬ್ಬರೂ ನಕ್ಕರು, ಜಗಳ ಅಲ್ಲಿಗೆ ಮುಗಿಯಿತು.

ಆ ದಿನ ನಾನೂ ಆಸೆಯಿಂದ ಕೇಳಿದೆ. "ಮಾವ, ಪಾರ್ಸೆಲ್ಲಿನ ಹತ್ತಿರ ನನಗೂ ಒಂದು?"

ಅವರು ಯೋಚನೆ ಮಾಡಿದರು. ನಿಜವಾಗಿ ಯೋಚನೆ ಮಾಡಿದರು, ತಮಾಷೆಗಲ್ಲ. ಆಮೇಲೆ ಹೇಳಿದರು: "ಇಲ್ಲ ಮಾರಾಯ್ತಿ. ಅದು ಕೆಲಸದವರಿಗೆ. ನೀನು ಮಾಲೀಕರ ಪೈಕಿ. ಕಾನೂನಿನಲ್ಲಿ ನಿನಗಿಲ್ಲ."

ನೋಡಿ, ಹೇಗುಂಟು!

ನಿಜ ಹೇಳಬೇಕೆಂದರೆ, ಈ ಹುಚ್ಚಿನಿಂದ ನಮಗೆ ಲುಕ್ಸಾನು ಆಗಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಪ್ಲಾಸ್ಟಿಕ್ ನಿಷೇಧ ಬಂದಾಗ ಬೀದಿಯಲ್ಲೆಲ್ಲ ಹಾಹಾಕಾರ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಸಾಂಬಾರನ್ನು ಚೀಲಕ್ಕೆ ಕಟ್ಟುವುದು ನಿಂತಿತ್ತು. ಬೈದುಕೊಂಡೇ ಆದರೂ ಜನ ಮನೆಯಿಂದ ಹಿಡಿಕೆಯ ತೂಕುಪಾತ್ರೆ ತರಲು ಕಲಿತಾಗಿತ್ತು. ಬೇರೆ ಕಡೆ ಸಪ್ಲೈಯರುಗಳು ತಿಂಗಳಿಗೊಬ್ಬರು ಬದಲಾಗುತ್ತಾರೆ. ನಮ್ಮವರು ವಾರದ ರಜೆ, ಪಿಎಫ್ಫು, ಸ್ಟೂಲು ಎಲ್ಲಾ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ನಮ್ಮ ಅಡುಗೆ ಭಟ್ರು ನನಗಿಂತ ಹಳಬರು. ದಾಳಿ ಬಂತು, ಬೀಗ ಹಾಕಿದರು ಎಂಬ ಸುದ್ದಿ ಬಂದ ದಿನ ಬೀದಿಯವರೆಲ್ಲ ಫೋನಿನಲ್ಲಿ ಕಿರುಚಾಡುತ್ತಿದ್ದರೆ ಮಾವನವರು ನೆಮ್ಮದಿಯಾಗಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು. ಆ ನಿದ್ದೆ ನಮ್ಮ ಬೀದಿಯಲ್ಲಿ ಬೇರೆ ಯಾವ ಮಾಲೀಕರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಅದು ಬೇರೆ ವಿಷಯ.

ಇಷ್ಟರವರೆಗೆ ಹೇಗೋ ಸಹಿಸಿಕೊಂಡೆ. ಆದರೆ ಹೋದ ವರ್ಷದಿಂದ ಹೊಸ ಕಾಟ ಸುರುವಾಯಿತು.

ಬೆಳಿಗ್ಗೆ ಸಾಮಾನು ಬರುತ್ತದೆ. ಮೊದಲೆಲ್ಲ ಪ್ಯಾಕೆಟುಗಳ ತಾರೀಕು ಅವರೇ ನೋಡುತ್ತಿದ್ದರು. ಈಗ ಪ್ಯಾಕೆಟನ್ನು ನನ್ನ ಮುಖದ ಎದುರಿಗೆ ಹಿಡಿದು, "ಓದು," ಎನ್ನುತ್ತಾರೆ.

"ಸರಿ ಇದೆ ಮಾವ."

"ಸರಿ ಇದೆ ಅಂತ ಅದರಲ್ಲಿ ಬರ್ದಿದ್ದಾರಾ? ಎಂತ ಬರ್ದಿದ್ದಾರೋ ಅದನ್ನು ಓದು. ಜೋರಾಗಿ."

ರವೆ, ಹಿಂಗು, ತುಪ್ಪ, ಕಾಫಿಪುಡಿ, ಒಂದೊಂದನ್ನೂ ಒಂದನೇ ಕ್ಲಾಸಿನ ಹುಡುಗಿಯ ಹಾಗೆ ನಿಂತುಕೊಂಡು ಓದಬೇಕು! ಬಿ.ಕಾಂ. ಮಾಡಿದವಳು ನಾನು. ಸಂಜೆ ನನ್ನ ಮಗಳ ಸರದಿ. ಪೇಪರಿನಲ್ಲಿ ಹೊಸ ನಿಯಮ ಏನಾದರೂ ಬಂದಿದೆಯಾ ಅಂತ ಅವಳು ಓದಿ ಹೇಳಬೇಕು. ಅದರ ಮೇಲೆ ಇನ್ನೊಂದು. ದಿನಾ ಬೆಳಿಗ್ಗೆ ಸಾಂಬಾರು ಕುದಿಯುವಾಗ ಒಳಗೆ ಹೋಗಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ರುಚಿ ನೋಡಿ ತಲೆ ಅಲ್ಲಾಡಿಸಿದ ಮೇಲೆಯೇ ಅವರು ಶಟರ್ ಎತ್ತಿಸುತ್ತಿದ್ದದ್ದು. ಅವರ ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಈಗ ಒಳಗೇ ಕಾಲಿಡುವುದಿಲ್ಲ. ಅಡುಗೆಮನೆಯ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಕೊಂಡು, ಮಹಾರಾಜರ ಹಾಗೆ ಕೈ ಚಾಚುತ್ತಾರೆ. ನಾನು ಬಟ್ಟಲಿಗೆ ಹಾಕಿ, ಆರಿಸಿ, ಕೈಗೆ ಕೊಡಬೇಕು. ವಯಸ್ಸಾದ ಮೇಲೆ ದೊಡ್ಡಸ್ತಿಕೆ ಬಂತಲ್ಲ ಅಂತ ಇವರ ಹತ್ತಿರ ದೂರು ಹೇಳಿದೆ. ಇವರು ಅಂದರೆ ನನ್ನ ಗಂಡ. "ನಿನ್ನನ್ನು ಟ್ರೈನಿಂಗ್ ಮಾಡ್ತಿದ್ದಾರೆ ಬಿಡು," ಎಂದು ನಕ್ಕರು. ನಗಲಿ. ಓದುವವಳು ನಾನಲ್ಲವಾ?

ಅಷ್ಟರಲ್ಲಿ ಮೆಟ್ರೋ ಬಂತು. ರೈಲು ಇನ್ನೂ ಬಂದಿಲ್ಲ, ಗುಂಡಿ ಬಂತು. ನಮ್ಮ ಹೋಟೆಲಿನ ಎದುರಿಗೆ ಎತ್ತರದ ತಗಡಿನ ಗೋಡೆ ನಿಲ್ಲಿಸಿದರು. ರಸ್ತೆಯಿಂದ ನೋಡಿದರೆ ನಮ್ಮ ಬೋರ್ಡಿನ ತಲೆ ಮಾತ್ರ ಕಾಣುತ್ತಿತ್ತು. ಕಾರು ನಿಲ್ಲಿಸಲಿಕ್ಕಿಲ್ಲ, ಸ್ಕೂಟರು ನಿಲ್ಲಿಸಲಿಕ್ಕಿಲ್ಲ, ಗಿರಾಕಿ ಇಲ್ಲ. ಸಪ್ಲೈಯರುಗಳು ಸ್ಟೂಲಿನಿಂದ ಏಳುವ ಕೆಲಸವೇ ಇಲ್ಲದ ಹಾಗಾಯಿತು. ತಗಡು ತೆಗೆಯುವವರೆಗೆ ಹೋಟೆಲು ಉಳಿಯುವುದಿಲ್ಲ ಎಂದು ಇವರು ಒಂದು ದಿನ ಬಾಯಿಬಿಟ್ಟು ಹೇಳಿದರು. ಆ ದಿನ ಮಾವನವರು ಮಧ್ಯಾಹ್ನ ನಿದ್ದೆ ಮಾಡಲಿಲ್ಲ.

ಆಗ ಪೆರುಂಗುಡಿಯ ಒಂದು ದೊಡ್ಡ ಆಫೀಸಿನವರು ಮಧ್ಯಾಹ್ನದ ಊಟಕ್ಕೆ ಹೋಟೆಲು ಹುಡುಕುತ್ತಿದ್ದಾರೆ ಎಂದು ಗೊತ್ತಾಯಿತು. ಇವರು ಓಡಾಡಿ ಹಿಡಿದರು. ಆಫೀಸಿನವರು, "ಕೆಲವು ದಿನ ಊಟ ಕಳಿಸಿ ನೋಡಿ, ಆಮೇಲೆ ನಮ್ಮವರು ಬಂದು ಅಡುಗೆಮನೆ ಪರೀಕ್ಷೆ ಮಾಡುತ್ತಾರೆ, ಪಾಸಾದರೆ ಕೆಲಸ ನಿಮಗೆ," ಎಂದರು. ಇದು ಸಿಕ್ಕಿದರೆ ಹೋಟೆಲು ಉಂಟು, ಇಲ್ಲದಿದ್ದರೆ ಇಲ್ಲ. ಅಷ್ಟೇ ವಿಷಯ.

ದೊಡ್ಡ ಅಡುಗೆ ಅಂದಮೇಲೆ ದೊಡ್ಡ ಸಾಮಾನು. ಅಕ್ಕಿ ಮೂಟೆಗಳು ಬಂದು ಬಿದ್ದವು, ಬೇಳೆ ಬಂತು. ಎಲ್ಲಿಡುವುದು? ಮಾವನವರು ಊಟ ಮಾಡಿ ಮನೆಯಲ್ಲಿ ಮಲಗಿದ್ದರು. ಇವರು ಆ ಕಡೆ ಈ ಕಡೆ ನೋಡಿ, ಮೂಟೆಗಳನ್ನು ಓಣಿಯಲ್ಲಿ ಇಳಿಸಿದರು. "ಇವತ್ತೊಂದು ದಿನ. ನಾಳೆ ತೆಗೆಸ್ತೇನೆ," ಎಂದರು. ನನಗೆ ವಾದ ಮಾಡಲು ತ್ರಾಣವಿರಲಿಲ್ಲ.

ಸಂಜೆ ಕಾಫಿಯ ಹೊತ್ತಿಗೆ ಮಾವನವರು ಬರುವುದು ಹಿಂಬಾಗಿಲಿನಿಂದಲೇ. ಅವರು ಆ ಓಣಿಯಲ್ಲಿ ನಡೆಯುವುದನ್ನು ನೀವು ನೋಡಬೇಕು. ಬೇರೆ ಕಡೆ ನಿಧಾನ, ಈ ಓಣಿಯಲ್ಲಿ ಮಾತ್ರ ಪಂಚೆಯ ತುದಿ ಎತ್ತಿ ಹಿಡಿದುಕೊಂಡು ಸರಸರ ಬರುತ್ತಾರೆ, ತಮ್ಮದೇ ಮೆರವಣಿಗೆ ಎನ್ನುವ ಹಾಗೆ. ಆ ದಿನವೂ ಹಾಗೇ ಬಂದಿರಬೇಕು. ನನಗೆ ಗಲ್ಲಾದಲ್ಲಿ ಕೇಳಿಸಿದ್ದು ಧಡಾರ್ ಎಂಬ ಸದ್ದು ಮಾತ್ರ.

ಓಡಿಹೋದೆ. ಮೂಟೆಗಳ ನಡುವೆ ನೆಲದ ಮೇಲೆ ಕೂತಿದ್ದರು. ಮೊಣಕೈ ತರಚಿ ರಕ್ತ. ನನಗೆ ಭಯಕ್ಕೋ ಸಿಟ್ಟಿಗೋ ಬಾಯಿ ನಿಲ್ಲಲಿಲ್ಲ. "ಇಷ್ಟು ದೊಡ್ಡ ಮೂಟೆ ಮಾವ, ಗೋಡೆಯ ಹಾಗೆ ನಿಂತಿದೆ! ಕಣ್ಣು ಕಾಣುದಿಲ್ವಾ ನಿಮಗೆ?"

ಅವರು ಕೈಯಿಂದ ನೆಲವನ್ನು ಸವರುತ್ತಿದ್ದರು. ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಅವರ ಎದುರಿಗೇ ಬಿದ್ದಿತ್ತು.

"ಇಲ್ಲ ಮಾರಾಯ್ತಿ," ಎಂದರು. "ಕಾಣುದಿಲ್ಲ."

ಆಮೇಲೆ ಒಂದೊಂದೇ ಗೊತ್ತಾಯಿತು. ನೋಟದ ಬದಿಗಳು ಉಳಿದಿವೆ, ನಡುವೆ ಮಾತ್ರ ಮಸಿ ಹಚ್ಚಿದ ಹಾಗೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ. ಒಬ್ಬರೇ ಬಸ್ಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಿದ್ದರಂತೆ. ಕನ್ನಡಕ ಬದಲಿಸಿದರೆ ಪ್ರಯೋಜನವಿಲ್ಲ, ಹೋದದ್ದು ಬರುವುದಿಲ್ಲ ಎಂದಿದ್ದರಂತೆ. ಅತ್ತೆ ಇದ್ದಿದ್ದರೆ ಮೊದಲ ದಿನವೇ ಪತ್ತೆ ಹಚ್ಚುತ್ತಿದ್ದರು. ಅವರು ಹೋಗಿ ಕಾಲವಾಯಿತು. ನಾವು, ದಿನಾ ಪಕ್ಕದಲ್ಲೇ ಇದ್ದವರು, ಟ್ರೈನಿಂಗು, ದೊಡ್ಡಸ್ತಿಕೆ ಅಂದುಕೊಂಡಿದ್ದೆವು.

"ಯಾಕೆ ಹೇಳಲಿಲ್ಲ ಅಪ್ಪ?" ಇವರು ಕನ್ನಡಕ ಎತ್ತಿ ಅಪ್ಪನ ಕೈಗೆ ಇಟ್ಟರು.

"ವರ್ಷದ ಮೆಡಿಕಲ್ ಪರೀಕ್ಷೆ ಬರ್ಲಿ ಅಂತ ಇದ್ದೆ. ಅದರಲ್ಲಿ ಹೇಗೂ ಗೊತ್ತಾಗ್ತದಲ್ಲ," ಎಂದರು ಮಾವನವರು, ಅದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ. "ಗೊತ್ತಾದ ದಿನದಿಂದ ನಾನು ಬೆಂಕಿಯ ಹತ್ತಿರ ಹೋಗ್ಲಿಲ್ಲ. ಅಡುಗೆಮನೆಗೆ ಕಾಲಿಡ್ಲಿಲ್ಲ. ಬೇಕಾದ್ರೆ ಭಟ್ರನ್ನು ಕೇಳು."

"ಮತ್ತೆ ಈ ಓಣಿಯಲ್ಲಿ ಅಷ್ಟು ಜೋರಾಗಿ ನಡೀತೀರಲ್ಲ ಮಾವ?" ಎಂದೆ ನಾನು, ಅವರ ಮೊಣಕೈ ಒರೆಸುತ್ತಾ.

"ಇಲ್ಲಿ ಕಣ್ಣು ಬೇಡ ನನಗೆ. ಇಲ್ಲಿ ಎಂತದೂ ಅಡ್ಡ ಇರುದಿಲ್ಲ ಅಂತ ನಂಬಿಕೆ ಉಂಟಲ್ಲ."

ಅವರು ಬೈದಿದ್ದರೆ ವಾಸಿಯಿತ್ತು. ಇವರು ಯಾರನ್ನೂ ಕರೆಯದೆ, ಆ ಮೂಟೆಗಳನ್ನೆಲ್ಲ ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಮನೆಗೆ ಸಾಗಿಸಿದರು. ನಮ್ಮ ಮಲಗುವ ಕೋಣೆಯಲ್ಲಿ ಈಗಲೂ ಮಂಚದ ಪಕ್ಕ ಅಕ್ಕಿ ಮೂಟೆಗಳೇ.

ಮೆಡಿಕಲ್ಲು ಆ ವಾರವೇ ಇತ್ತು. ಅಡುಗೆ ಮಾಡುವವರು, ಬಡಿಸುವವರು ಎಲ್ಲರಿಗೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರ ಸಹಿ ಹಾಕಿಸಬೇಕು. ಬೇರೆ ಕಡೆ ಸಹಿ ಮಾತ್ರ ಬರುತ್ತದೆ, ಡಾಕ್ಟರು ಬರುವುದಿಲ್ಲ. ನಮ್ಮಲ್ಲಿ ಡಾಕ್ಟರೇ ಬಂದು, ಕೈತೊಳೆಯುವ ಜಾಗದಲ್ಲಿ ಅಕ್ಷರದ ಚಾರ್ಟು ತೂಗುಹಾಕಿ, ನಾಲಿಗೆ, ಉಗುರು, ಕಣ್ಣು ಎಲ್ಲಾ ನೋಡಬೇಕು. ಸಾಲಿನಲ್ಲಿ ಮೊದಲು ನಿಲ್ಲುವವರು ಮಾವನವರೇ. ಈ ಸಲ ಇವರು ಅಪ್ಪನ ಕೈ ಹಿಡಿದು ಪಕ್ಕಕ್ಕೆ ಕರೆದರು.

"ಅಪ್ಪ, ಈ ವರ್ಷ ನೀವು ನಿಲ್ಲಬೇಡಿ. ನೀವು ಒಳಗೆ ಹೋಗುದೇ ಇಲ್ಲವಲ್ಲ. ಪೆರುಂಗುಡಿಯವರು ಕಾಗದದಲ್ಲಿ ಒಂದು ನಪಾಸು ನೋಡಿದರೆ ಸಾಕು, ಎಲ್ಲಾ ಮುಗೀತದೆ."

"ಮಾಲೀಕ ಅಡಗಿಸಿದ್ರೆ, ನಾಳೆ ಭಟ್ರ ಕೈಗೆ ಹುಣ್ಣಾದ್ರೆ ಅವರೂ ಅಡಗಿಸ್ತಾರೆ," ಎಂದರು ಮಾವನವರು. "ಸಾಂಬಾರಿಗೆ ಬೀಳುದು ಅದೇ ಕೈ."

ಹೋಗಿ ನಿಂತರು. ಡಾಕ್ಟರು ಚಾರ್ಟಿನ ಮೇಲೆ ಕೋಲಿಟ್ಟು, "ಏನು ಕಾಣ್ತದೆ?" ಎಂದರು.

"ಕೋಲಿನ ಹಿಂದಿನ ತುದಿ, ಆ ಬದಿಯ ಗೋಡೆ," ಎಂದರು ಮಾವನವರು. "ನಡುವೆ ಎಂತದೂ ಇಲ್ಲ. ಬರೀರಿ ಡಾಕ್ಟ್ರೇ, ನಪಾಸು."

ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಭಟ್ರು ಟವೆಲಿನಿಂದ ಮುಖ ಒರೆಸಿಕೊಂಡು, ಒಗ್ಗರಣೆಯ ಘಾಟು ಅಂದರು. ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ.

ಪೆರುಂಗುಡಿಯವರ ಪರೀಕ್ಷೆಯ ದಿನ ಬಂತು. ಬಂದವಳು ಒಬ್ಬ ಹುಡುಗಿ, ನನ್ನ ತಂಗಿಯ ವಯಸ್ಸಿನವಳು. ಕೂದಲಿಗೆ ಟೊಪ್ಪಿ ಹಾಕಿಕೊಂಡು, ನಗದೆ, ಎಲ್ಲವನ್ನೂ ಮುಟ್ಟಿ ನೋಡಿದಳು. ಓಣಿಗೆ ಹೋದಳು. ಹಿಂಬಾಗಿಲಿನ ಚಿಲಕ ತೆಗೆದು, ಗಲ್ಲಿಯವರೆಗೆ ನಡೆದು, ತಿರುಗಿ ಬಂದಳು. ಆಮೇಲೆ ಮೆಡಿಕಲ್ ಕಾಗದಗಳನ್ನು ಮಗುಚಿ ಮಗುಚಿ ನೋಡಿ ಒಂದು ಹಾಳೆಯ ಮೇಲೆ ಬೆರಳು ನಿಲ್ಲಿಸಿದಳು.

"ಇದು ಯಾರದು?" ಎಂದಳು ತಮಿಳಿನಲ್ಲಿ.

ಅಡುಗೆಮನೆಯ ಹೊರಗಿನ ಸ್ಟೂಲಿನಿಂದ ಮಾವನವರು ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು. "ನನ್ನದಮ್ಮ. ಕಣ್ಣು ಇಲ್ಲ. ಅದಕ್ಕೇ ನಾನು ಈ ಹೊಸಿಲು ದಾಟುವುದಿಲ್ಲ."

ಹುಡುಗಿ ಕಾಗದ ನೋಡಿದಳು, ಹೊಸಿಲು ನೋಡಿದಳು, ಮಾವನವರನ್ನು ನೋಡಿದಳು. ಇವರು ಕಣ್ಣು ಮುಚ್ಚಿಕೊಂಡುಬಿಟ್ಟರು. ಆಮೇಲೆ ಅವಳು ಮೊದಲ ಸಲ ಸ್ವಲ್ಪ ನಕ್ಕಳು.

"ಸಾರ್, ನಾನು ಹೋದ ಕಡೆಯೆಲ್ಲ ಎಲ್ಲರೂ ಪಾಸೇ. ಕೆಮ್ಮುತ್ತಾ ಇರುವವರೂ ಪಾಸು. ಯಾವ ಕಾಗದವನ್ನೂ ನನಗೆ ನಂಬಲಿಕ್ಕಾಗುವುದಿಲ್ಲ. ನಿಮ್ಮದೊಂದು ನಪಾಸು ಇರುವುದರಿಂದ ಉಳಿದ ಪಾಸೆಲ್ಲ ನಿಜ ಅಂತ ಗೊತ್ತಾಯಿತು."

ಕೆಲಸ ನಮಗೇ ಸಿಕ್ಕಿತು. ಬೆಳಗಾದರೆ ಪೆರುಂಗುಡಿಗೆ ಊಟದ ವ್ಯಾನು ಹೊರಡುತ್ತದೆ. ತಗಡಿನ ಗೋಡೆ ಇನ್ನೂ ಎದುರಿಗೇ ಇದೆ, ಹೋಟೆಲೂ ಇದೆ. ಮಾವನವರಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಮೋರಿಯ ಜಾಲರಿ ನೋಡ್ಲೇ ಇಲ್ಲ ಆ ಹುಡುಗಿ," ಎಂದು ಎರಡು ದಿನ ಕೊರಗಿದರು!

ನನ್ನ ಕೆಲಸ ಮಾತ್ರ ದುಪ್ಪಟ್ಟಾಯಿತು. ವ್ಯಾನು ಹೋಗುವವರೆಗೆ ನಿಂತ ಕಾಲಲ್ಲಿ ನಿಂತಿರಬೇಕು. ಬೆಳಿಗ್ಗೆ ಯಾರೂ ಹೇಳದಿದ್ದರೂ ಪ್ಯಾಕೆಟಿನ ತಾರೀಕುಗಳನ್ನು ಜೋರಾಗಿ ಓದುತ್ತೇನೆ. ಮೊನ್ನೆ ಯಾರೋ ಓಣಿಯಲ್ಲಿ ಒಂದು ಖಾಲಿ ಬುಟ್ಟಿ ಇಟ್ಟಿದ್ದರು. ನಾನು ಅದನ್ನು ತಂದು ಗಲ್ಲಾದ ಮೇಲೆ ಕುಕ್ಕಿ, ದಾರಿ ಅಂದ್ರೆ ದಾರಿ ಎಂದು ಕಿರುಚಿದೆ. ಕೂತು ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಟ್ರು ಒಳಗಿನಿಂದ, "ಈ ರೋಗ ಅಂಟುರೋಗ ಅಂತ ಮೆಡಿಕಲ್‌ನಲ್ಲಿ ಬರೆಸ್ಬೇಕಿತ್ತು," ಎಂದರು.

ಅದೇ ದಿನ ವ್ಯಾನು ಹೋದ ಮೇಲೆ ನಾನು ಓಣಿಯಲ್ಲಿ ಕಾಲೆಳೆಯುತ್ತಾ ಬರುತ್ತಿದ್ದೆ. ಎದುರಿನಿಂದ ಮಾವನವರು, ಪಂಚೆ ಎತ್ತಿ ಹಿಡಿದುಕೊಂಡು, ಅದೇ ಮೆರವಣಿಗೆಯ ವೇಗದಲ್ಲಿ ಬಂದರು. ನಾನು ಗೋಡೆಗೆ ಬೆನ್ನು ಒತ್ತಿ, ಉಸಿರು ಹಿಡಿದು ನಿಂತೆ. ಈ ಓಣಿಯಲ್ಲಿ ಅಡ್ಡ ನಿಲ್ಲಲು ಯಾರಿಗೂ ಹಕ್ಕಿಲ್ಲ, ನನಗೂ ಇಲ್ಲ.

ಅವರು ನನ್ನನ್ನು ದಾಟಿ, ಎರಡು ಹೆಜ್ಜೆ ಹೋಗಿ ನಿಂತರು.

"ಚಪ್ಪಲಿ ಎಳೀತಾ ಉಂಟು ನಿಂದು. ಬೆಳಗಿನಿಂದ ಕೂತ್ಕೊಳ್ಳಲೇ ಇಲ್ವಾ?"

"ಪುರುಸೊತ್ತು ಎಲ್ಲಿ ಮಾವ?"

ಅವರು ತಿರುಗಿ ಅಡುಗೆಮನೆಯ ಬಾಗಿಲಿಗೆ ಹೋದರು. ಕೈಯಿಂದ ಸವರಿ ತಮ್ಮ ಸ್ಟೂಲನ್ನು ಹುಡುಕಿ, ಎತ್ತಿಕೊಂಡು ಬಂದು, ನನ್ನ ಎದುರಿಗೆ ಇಟ್ಟರು. ಓಣಿಯಲ್ಲಿ. ದಾರಿಯ ನಡುವೆ!

"ಮಾವ, ಇದು ಕೆಲಸದವರಿಗೆ. ಕಾನೂನಿನಲ್ಲಿ ನನಗೆ ಇಲ್ಲವಲ್ಲ?" ಎಂದೆ.

"ಇಲ್ಲ," ಎಂದರು ಮಾವನವರು. ನನ್ನ ಮುಖ ಇರುವ ಕಡೆಗೆ, ಸ್ವಲ್ಪ ಪಕ್ಕಕ್ಕೆ, ನೋಡುತ್ತಾ. "ಆದ್ರೂ ಕೂತ್ಕೋ."

ಕೂತೆ. ಅವರು ಗೋಡೆಗೆ ಎಡಗೈ ತಾಗಿಸಿಕೊಂಡು ನನ್ನ ಪಕ್ಕದಲ್ಲೇ ನಿಂತರು, ಆ ಕಡೆಯಿಂದ ಯಾರೂ ಬಂದು ನನ್ನನ್ನು ಏಳಿಸದ ಹಾಗೆ.